ಬಾಯಿ ತುಂಬ ಎಲೆ

ಕುರುಗೋಡಿನ ಉಚ್ಚೆಂಗೆಪ್ಪನ ಗಿರಣಿಗೆ ಜೋಳ ಬೀಸಿಸಲು ಹೋದವರು ಹಿಟ್ಟಿನ ಜೊತೆ ಊರ ಸುದ್ದಿಯನ್ನೂ ಹೊತ್ತು ತರುತ್ತಿದ್ದರು. ಸ್ವಂತ ಮನೆಯ ಸುದ್ದಿಯನ್ನಂತೂ ಆತ ಇನ್ನೂ ನುಣ್ಣಗೆ ಬೀಸಿ ಕೊಡುತ್ತಿದ್ದ. ಮಗಳು ಜಯಶ್ರೀಯನ್ನು ನೋಡಲು ಮೊದಲು ಬಂದವರಿಗೆ ಅವಳ ಗೊರಕೆಯನ್ನೂ, ಆಮೇಲೆ ಬಂದವರಿಗೆ ಅವಳ ಸಿಟ್ಟನ್ನೂ ಯಾರೂ ಕೇಳದೆಯೇ ವರ್ಣಿಸಿದ್ದ. ಎರಡೂ ಸಂಬಂಧ ಮುರಿದಿದ್ದವು.

ಈ ಸಲ ಸಿರುಗುಪ್ಪದ ಹುಡುಗ. ಫೋಟೋ ನೋಡಿದಾಗಿನಿಂದ ಜಯಶ್ರೀಗೆ ಅವನೇ ಆಗಬೇಕೆಂಬ ಆಸೆ. ಉಚ್ಚೆಂಗೆಪ್ಪನ ಹೆಂಡತಿ ಹೊನ್ನೂರಮ್ಮ ಬೆಳಿಗ್ಗೆಯೇ, ಬಂದವರ ಮುಂದೆ ಬಾಯಿ ಬಿಡುವುದಿಲ್ಲವೆಂದು ಗಂಡನಿಂದ ಆಣೆ ಮಾಡಿಸಿಕೊಂಡಳು. ಪಕ್ಕದ ಮನೆಯ ಗಾದೆಮ್ಮನಿಗೆ ಆ ಆಣೆಯ ಮೇಲೆ ನಂಬಿಕೆ ಬರಲಿಲ್ಲ.

"ಗಂಡನ ಬಾಯಿ ತುಂಬ ಎಲಿ-ಅಡಿಕಿ ತುರುಕು, ತಂಗಿ. ಅವ್ರು ಹೋಗೋತನ ಉಗುಳಾಕ ಬಿಡಬ್ಯಾಡ," ಎಂದು ತಾನೇ ಮಡಿಚಿ ಕೊಟ್ಟಳು.

ಗಂಡಿನ ಕಡೆಯವರು ಬಂದರು. ಹುಡುಗನ ಸೋದರಮಾವ ದುರುಗಣ್ಣ ಮಳೆಯ ಬಗ್ಗೆ ಕೇಳಿದ. ಉಚ್ಚೆಂಗೆಪ್ಪ ತಲೆಯಾಡಿಸಿದ. ಗಿರಣಿಯ ಬಗ್ಗೆ ಕೇಳಿದಾಗಲೂ ಅಷ್ಟೇ. ಗಂಟಲಲ್ಲಿ ಮಾತು, ಕಟ್ಟಿಹಾಕಿದ ಎಮ್ಮೆಯಂತೆ ಹಗ್ಗ ಜಗ್ಗುತ್ತಿತ್ತು. ಕೊನೆಗೆ ದುರುಗಣ್ಣ, ಹುಡುಗಿಯ ಬಗ್ಗೆ ಹೇಳುವುದೇನಾದರೂ ಇದೆಯೇ ಎಂದ. ಹೊನ್ನೂರಮ್ಮ ಕಣ್ಣು ದೊಡ್ಡದು ಮಾಡಿದಳು. ಗಾಬರಿಯಲ್ಲಿ ಉಚ್ಚೆಂಗೆಪ್ಪ ರಸವನ್ನೆಲ್ಲ ನುಂಗಿಬಿಟ್ಟ. ಅಡಿಕೆ ನೆತ್ತಿಗೇರಿ ಕಣ್ಣಲ್ಲಿ ದಳದಳ ನೀರು ಸುರಿಯಿತು.

ಬಂದವರು ಮುಖ ಮುಖ ನೋಡಿಕೊಂಡು, ತಟ್ಟೆಯಲ್ಲಿದ್ದ ಒಗ್ಗರಣೆ ಮಂಡಕ್ಕಿ, ಮಿರ್ಚಿ ಅರ್ಧಕ್ಕೇ ಬಿಟ್ಟು ಎದ್ದರು. ಉಚ್ಚೆಂಗೆಪ್ಪ ಎಲೆ ಉಗುಳಿ ಬಾಗಿಲ ತನಕ ಓಡಿ, ಏನಾಯಿತೆಂದು ಕೇಳಿದ.

"ನಿಮ್ಮ ಮನ್ಯಾಗ ಮುಚ್ಚಿಟ್ಟಿದ್ದು ಏನೂ ಇರಂಗಿಲ್ಲ ಅಂತ ಸಿರುಗುಪ್ಪದಾಗೂ ಮಾತೈತ್ರಿ. ಅದನ್ನ ನಂಬೇ ಬಂದಿದ್ವಿ," ಎಂದ ದುರುಗಣ್ಣ. "ಗೊರಕಿ, ಸಿಟ್ಟು ನಮಗೆ ಮೊದಲೇ ಗೊತ್ತಿತ್ತು. ಆದ್ರ ನೀವು ಬಾಯಿ ಬಿಡದೇ ಅಳೋವಂಥದ್ದು ಇನ್ನೇನೋ ಐತಿ."

ಉಚ್ಚೆಂಗೆಪ್ಪ ಆಣೆ, ಎಲೆ, ಗಾದೆಮ್ಮ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದ. ಈಗ ಯಾರು ನಂಬಬೇಕು? ಗಾಡಿ ಹೊರಟುಹೋಯಿತು. ಜಯಶ್ರೀ ಮುಡಿಯಿಂದ ಮಲ್ಲಿಗೆ ತೆಗೆದಿಟ್ಟಳು.

ಸಂಜೆ ಗಿರಣಿಗೆ ಎಂದಿಗಿಂತ ಹೆಚ್ಚು ಜನ ಬಂದರು. ಕೆಲವರ ಬುಟ್ಟಿಯಲ್ಲಿ ಜೋಳವೇ ಇರಲಿಲ್ಲ. ಏನಾಯಿತೆಂದು ಎಲ್ಲರೂ ಕೇಳಿದರು. ದುಃಖಕ್ಕೆ ಉಚ್ಚೆಂಗೆಪ್ಪನಿಗೆ ಜನ್ಮದಲ್ಲೇ ಮೊದಲ ಸಲ ಬಾಯಿ ಬರಲಿಲ್ಲ. ಸುಮ್ಮನೆ ತಲೆಯಾಡಿಸಿದ.

ಬೆಳಿಗ್ಗೆ ಎಲೆ ಮಡಿಚಿ ಕೊಟ್ಟಿದ್ದ ಗಾದೆಮ್ಮನೇ ಪಕ್ಕದವಳ ಕಿವಿಗೆ ಬಾಗಿದಳು:

"ಉಚ್ಚೆಂಗೆಪ್ಪನೇ ಹೇಳವಲ್ಲ ಅಂದ್ರ, ಹುಡುಗಿದು ಏನೋ ಐತಿ ಬಿಡು."