ಇಂದುಮತಿಯ ಡೇರಾದಿಗ್ವಿಜಯ

ಸಹಸ್ರಧಾರೆಗಳ ಮೇಘರಾಜನೇ, ಬೇಕೆಂದಾಗ ಬಿಚ್ಚದ, ಬೇಡವೆಂದಾಗ ಬಿಚ್ಚಿಕೊಳ್ಳುವ ಗಂಟುಗಳ ಅಧಿದೇವತೆಯೇ, ಒಮ್ಮೆ ಹೊರಬಂದ ಮೇಲೆ ತಮ್ಮ ಚೀಲಕ್ಕೆ ಮರಳಿ ಹೊಗದ ಸಕಲ ವಸ್ತುಗಳ ಒಡೆಯನೇ, ಕಿವಿಗೊಡಿರಿ! ಮನುಷ್ಯರು ಗಟ್ಟಿ ಗೋಡೆಯ ಮನೆಗಳಿಗೆ ಬೀಗ ಜಡಿದು, ಬಟ್ಟೆಯ ಗೂಡುಗಳಲ್ಲಿ ಮಲಗಲು ಕೆರೆಕಟ್ಟೆಗಳಿಗೆ ಓಡುತ್ತಿದ್ದ ವಿಚಿತ್ರ ಯುಗವದು. ಆ ಯುಗದ ಧಾರವಾಡದಲ್ಲಿ, ಗ್ಯಾಸು ಆರಿಸಿದ ಮೇಲೂ ಮರಳಿ ಬಂದು ಮುಟ್ಟಿ ನೋಡುವ, ಅಂಗೈಯಗಲ ಮೋಡ ಕಂಡರೆ ಹಗ್ಗದ ಮೇಲಿನ ಬಟ್ಟೆ ತೆಗೆಯುವ, ಅನವರತಜಾಗರೂಕೆಯಾದ ಇಂದುಮತಿ ವಾಸವಾಗಿದ್ದಳು.

ಅವಳ ಎದೆಯಲ್ಲೊಂದು ಮುಳ್ಳಿತ್ತು. ಹಿಂದಿನ ವರ್ಷ ಅವಳು ಆರಿಸಿದ ಡೇರೆ ಮೊದಲ ಗಾಳಿಗೇ ಹರಿದು ಪತಿ ಪ್ರಲ್ಹಾದನ ತಲೆಯ ಮೇಲೆ ಕುಸಿದಿತ್ತು. ಅಂದಿನಿಂದ ನಾದಿನಿ ಮಂದಾಕಿನಿ ಪಾಯಸ ಬಡಿಸುವಾಗಲೂ ಆ ಮಾತು ತೆಗೆಯುತ್ತಿದ್ದಳು. ಈ ಸಲ ಪಣವೇ ಬಿದ್ದಿತು.

“ವೈನಿ, ಈ ಸಲನೂ ನಿಮ್ಮ ಡೇರೆ ಕೈ ಕೊಟ್ರ, ಪಡಸಾಲಿ ಪರದೆ ನಾನಽ ಆರಸಾಕಿ. ಆಮ್ಯಾಲೆ ನೀವು ಪಿಟ್ಟ ಅನ್ನಂಗಿಲ್ಲ.”

“ಆಗ್ಲಿ ತಗೋ,” ಎಂದಳು ಇಂದುಮತಿ. “ಒಂದ ಹನಿ ಒಳಗ ಬರ್ಲಿ, ನೀ ಗುಲಾಬಿ ಝಾಲರಿದು ತಂದ್ರೂ ನಾ ಸುಮ್ಮನಿರ್ತೀನಿ.”

ಹೇಳಿದ ಮೇಲೆ ಅವಳಿಗೆ ನೆನಪಾಯಿತು: ಮಂದಾಕಿನಿಗೆ ಗುಲಾಬಿ ಝಾಲರಿಯೆಂದರೆ ಪಂಚಪ್ರಾಣ.

ಹುಬ್ಬಳ್ಳಿಯ ಅಂಗಡಿಯೇ ರಣಾಂಗಣವಾಯಿತು. ಸರ್ವಋತುಸಾಮಗ್ರೀಸಮ್ರಾಟನಾದ ಮಹಾರುದ್ರಪ್ಪನು ಎದೆಯುಬ್ಬಿಸಿ ಗರ್ಜಿಸಿದನು: “ಅಕ್ಕಾರ, ಹಿಮಾಲಯದಾಗ ನಿಂತ ಮಾಲ್ ರೀ ಇದು! ಆನಿ ಬಂದು ಒರಗಿದ್ರೂ ಜಪ್ಪಯ್ಯ ಅನ್ನಂಗಿಲ್ಲ!”

“ಆನಿ ನಮ್ಮ ಜೋಡಿ ಬರಂಗಿಲ್ರೀ. ಮಳಿ ಬರ್ತದ. ಒಂದ ತಂಬಿಗಿ ನೀರು ಕೊಡ್ರಿ.”

ನೀರು ಬಿದ್ದೊಡನೆ ನೀಲಿ ಡೇರೆ ಒಳಗೆ ಬೆವರಿತು. ಹಳದಿಯದರ ಹೊಲಿಗೆ, ಅವಳು ಎರಡು ಕೈಯಿಂದ ಎಳೆದೊಡನೆ ಬಾಯಿ ಬಿಟ್ಟಿತು. ಹಸಿರು ಡೇರೆಯೊಂದೇ ನೀರನ್ನು ಕೆಸುವಿನೆಲೆಯಂತೆ ಉರುಳಿಸಿ ನಿಂತಿತು. ಅಷ್ಟಕ್ಕೇ ನಂಬುವವಳೇ ಅವಳು? ಪ್ರಲ್ಹಾದನನ್ನು ಅಂಗಡಿಯ ನಟ್ಟನಡುವೆ ಅದರೊಳಗೆ ಮಲಗಿಸಿ, ಗಿರಾಕಿಗಳು ಸುತ್ತುಗಟ್ಟಿ ನೋಡುತ್ತಿರಲು, ಇನ್ನೂ ನಾಲ್ಕು ತಂಬಿಗೆ ಸುರಿದಳು.

“ನೀರು ಬಂತೇನ್ರಿ?”

“ಮಾನ ಹೋತು,” ಎಂದಿತು ಡೇರೆಯೊಳಗಿನ ದನಿ. “ನೀರು ಬಂದಿಲ್ಲ.”

ಹೀಗೆ ಜಯಲಕ್ಷ್ಮಿಯನ್ನು ಕಾರಿನ ಡಿಕ್ಕಿಯಲ್ಲಿ ಹೇರಿಕೊಂಡು ಆ ವೀರವನಿತೆ ಮನೆಗೆ ಬಂದಳು. ಬಂದವಳು ಕುಲಾಚಾರವನ್ನು ಮರೆಯಲಿಲ್ಲ. ಯಾರು ಯಾರು ಮುಟ್ಟಿದ್ದೋ, ಎಷ್ಟು ಧೂಳು ಕುಡಿದದ್ದೋ, ಅಂಗಡಿಯ ಬಟ್ಟೆಯನ್ನು ಒಗೆದು ಒಂದು ನೀರು ತೆಗೆಯದೆ ಬಳಸುವುದು ಆ ಮನೆತನದಲ್ಲೇ ಇರಲಿಲ್ಲ. ಹೊಸ ಬಟ್ಟೆಯ ಚೀಟಿ ಕುತ್ತಿಗೆಗೆ ಚುಚ್ಚುತ್ತದೆಂದು ಮೊದಲು ಚೀಟಿಯನ್ನು ಕತ್ತರಿಸಿದಳು. ಡೇರೆಗೆ ಕುತ್ತಿಗೆಯಿಲ್ಲವೆಂಬುದೂ, ಚೀಟಿಯಲ್ಲಿ ‘ಒಗೆಯಬೇಡಿ’ ಎಂದಿತ್ತೆಂಬುದೂ ಆ ಭರದಲ್ಲಿ ಹೊಳೆಯಲಿಲ್ಲ. ಬಣ್ಣ ಬಿಡದಿರಲು ಉಪ್ಪುನೀರು, ಕೊಳೆ ಬಿಡಲು ಕುದಿವ ಸಾಬೂನುನೀರು, ಅನಂತರ ಹಿತ್ತಿಲ ಒಗೆಯುವ ಕಲ್ಲು! ಆನೆಗೂ ಜಗ್ಗದ ಆ ಹರಿದ್ವರ್ಣವೀರನು ಅವಳ ಭುಜಬಲಕ್ಕೆ ಕಲ್ಲಿನ ಮೇಲೆ ಧಡ್ ಧಡ್ ಎಂದು ಆರ್ತನಾದ ಮಾಡಿದನು. ಮೋರಿಯ ತುಂಬ ಬಿಳಿಯ ಸಿಪ್ಪೆಗಳು ತೇಲಿದವು.

“ನೋಡ್ರಿ, ಎಷ್ಟ ಗಂಜಿ ಹಾಕಿ ಮಾರ್ತಾರ!” ಎಂದಳು ಪತಿಗೆ, ಗೆದ್ದವಳಂತೆ.

ದಾಂಡೇಲಿ ದಾರಿಯ ಕೆರೆದಂಡೆಯಲ್ಲಿ ಡೇರೆ ತಲೆಯೆತ್ತಿತು. ಮಂದಾಕಿನಿ ಬೆರಳಿನಿಂದ ಸವರಿ ಕೇಳಿದಳು: “ತೊಳದೀರೋ ಇಲ್ಲೋ, ವೈನಿ?”

“ಎರಡ ನೀರು ತಗದೀನಿ.”

“ಛಲೋ ಮಾಡಿದ್ರಿ.”

ಆಗ ಬಂದಿತು ಶತ್ರುಸೈನ್ಯ! ಸಿಡಿಲಿಲ್ಲ, ಗುಡುಗಿಲ್ಲ, ಛತ್ರಿ ಹುಡುಕಲೂ ಯಾರೂ ಏಳದಂಥ ಒಂದು ತುಂತುರು. ಮೊದಲ ಹನಿ ಡೇರೆಯೊಳಗಿದ್ದ ಪ್ರಲ್ಹಾದನ ಮೂಗಿನ ಮೇಲೆ ಬಿತ್ತು. ಎರಡನೆಯದು ಮಂದಾಕಿನಿಯ ಚಹಾದಲ್ಲಿ.

“ಇಂದೂ,” ಎಂದನು ಪ್ರಲ್ಹಾದ, “ಅಂಗಡ್ಯಾಗ ಬರಲಾರದ್ದು ಇಲ್ಲಿ ಬಂತಲ್ಲ.”

ಇಂದುಮತಿ ಮೇಲಿನ ಬಟ್ಟೆ ಮುಟ್ಟಿದಳು. ಒಗೆದು ಹಿಂಡಿದ ಧೋತರದಂತೆ ಮೆತ್ತಗಿತ್ತು. ಮೋರಿಯಲ್ಲಿ ತೇಲಿಹೋದದ್ದು ಗಂಜಿಯಲ್ಲ, ನೀರು ತಡೆಯುವ ಪದರವೆಂದು ಆಗ ತಿಳಿಯಿತು. ಮೂವರೂ ಕಾರಿನೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುವಷ್ಟರಲ್ಲಿ ಮಳೆ ನಿಂತಿತ್ತು.

ಆ ಹಸಿರು ಮಹಾವೀರನು ಈಗ ಧಾರವಾಡದ ತಾರಸಿಯ ಮೇಲೆ ನಿಂತು, ಕಾಗೆಗಳಿಂದ ಸಂಡಿಗೆಯನ್ನು ಕಾಯುತ್ತಿದ್ದಾನೆ. ಮೊನ್ನೆ ಅವನ ನೆರಳಲ್ಲಿ ಕೂತಿದ್ದ ಇಂದುಮತಿ ಕೆಳಗೆ ಇಣುಕಿದಳು. ಮಂದಾಕಿನಿ ಗುಲಾಬಿ ಝಾಲರಿಯ ಹೊಸ ಪರದೆಗಳನ್ನು ತೂಗುಹಾಕುವ ಮುಂಚೆ ಒಂದು ನೀರು ತೆಗೆಯುತ್ತಿದ್ದಳು. ಉಪ್ಪು ಹಾಕಲು ಮರೆತಿದ್ದಳು. ಹಿತ್ತಿಲ ಮೋರಿಯಲ್ಲಿ ಗುಲಾಬಿ ನೀರು ಹರಿಯುತ್ತಿತ್ತು.

ಇಂದುಮತಿ ಬಾಯಿ ತೆರೆದಳು. ಆದರೆ ಮಾತು ಕೊಟ್ಟಿದ್ದಳಲ್ಲ? ಸುಮ್ಮನೆ ಒಂದು ಸಂಡಿಗೆ ತಿರುವಿ ಹಾಕಿದಳು.