ಮೀನೆಣ್ಣೆ ಕುಡಿದ ಪರ್ಸು

ಚರ್ಮದ ಪರ್ಸಿಗೆ ಆಗಾಗ ಎಣ್ಣೆ ಸವರಬೇಕು ಎನ್ನುವವರು ಯಾವ ಎಣ್ಣೆ ಎಂದೂ ಹೇಳಬೇಕೋ ಬೇಡವೋ? ಬ್ರಹ್ಮಾವರದ ಕರಕುಶಲ ಮೇಳದಲ್ಲಿ ಆ ಮಾರಾಟಗಾರ ಅಷ್ಟು ಹೇಳಿದ್ದರೆ ಬಿಜೂರಿನಲ್ಲಿ ನನ್ನ ಮರ್ಯಾದೆ ಹೋಗುತ್ತಿರಲಿಲ್ಲ!

ಪರ್ಸಿನ ಮೇಲೆ ನನಗೆ ದೂರಿಲ್ಲ. ತೆಳ್ಳಗೆ ಸೀಳಿದ ಚರ್ಮದ ಪಟ್ಟಿಗಳನ್ನು ಚಾಪೆಯಂತೆ ಕೈಯಲ್ಲೇ ಹೆಣೆದದ್ದು. ಮುಟ್ಟಿದರೆ ಬಿಡಲು ಮನಸ್ಸಾಗದು. ಮಗಳಿಗೆ ನೋಡಿದ ಗಂಡಿನ ಮನೆಗೆ ಹೋಗುವ ಅಪ್ಪನ ಕಿಸೆಯಲ್ಲಿ ಇಂಥದ್ದೊಂದು ಇರಲೇಬೇಕೆಂದು ಕೊಂಡೆ. ನನ್ನ ಹೆಂಡತಿ ಸರೋಜಾ? ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿಗೆ ರಬ್ಬರ್ ಬ್ಯಾಂಡ್ ಸುತ್ತಿ ಅದನ್ನೇ ಪರ್ಸ್ ಎನ್ನುವವಳು!

"ಹ್ವಾಯ್, ಇದ್ರೊಳಗ್ ಹಾಕುಕೆ ದುಡ್ಡ್ ಉಳಿತಾ?" ಎಂದಳು.

ಕೈಕೆಲಸದ ಗಂಧಗಾಳಿ ಇಲ್ಲದವರ ಜೊತೆ ವಾದವೇಕೆ? ಹೊರಡುವ ಹಿಂದಿನ ದಿನ ಎಣ್ಣೆ ಹುಡುಕಿದೆ. ಕುಂದಾಪುರದಲ್ಲಿ ನಮ್ಮದು ಮೀನಿನ ವ್ಯಾಪಾರ, ಒಂದು ದೋಣಿಯೂ ಇದೆ. ದೋಣಿಯ ಮರಕ್ಕೆ ಬಳಿಯುವ ಮೀನೆಣ್ಣೆ ಡಬ್ಬದಲ್ಲಿತ್ತು. ಸಮುದ್ರದ ಉಪ್ಪುನೀರನ್ನೇ ತಡೆಯುವ ಎಣ್ಣೆ ಒಂದು ಪರ್ಸನ್ನು ಕಾಯದೇ? ಧಾರಾಳವಾಗಿ ಬಳಿದೆ. ಹೆಣಿಗೆಯ ಸಂದುಸಂದೂ ಕುಡಿಯಿತು. ವಾಸನೆ? ಹುಟ್ಟಿದಂದಿನಿಂದ ಮೀನಿನ ನಡುವೆ ಇರುವ ನಮ್ಮ ಮೂಗುಗಳಿಗೆ ಅದು ವಾಸನೆಯೇ ಅಲ್ಲ.

ಮರುದಿನ ಸೋಮವಾರ. ಬಿಜೂರಿಗೆ ಹೋಗುವ ಬೈಂದೂರು ಬಸ್ಸಿನಲ್ಲಿ ಪಕ್ಕದವರು ತಾವಾಗಿಯೇ ಎದ್ದು ಹಿಂದೆ ಹೋದರು.

"ಕಂಡ್ಯಾ, ಪರ್ಸ್ ಕಂಡ್ ಮರ್ಯಾದಿ ಕೊಟ್ರ್!" ಎಂದು ಸರೋಜಾಳಿಗೆ ಹೇಳಿದೆ.

ಬಿಜೂರಿನ ಗಂಡಿನ ಮನೆಯವರು ಗದ್ದೆ, ತೆಂಗಿನ ತೋಟದ ಜನ. ಸೋಮವಾರ ಆ ಮನೆಗೆ ಮೀನು ಬರುವಂತಿಲ್ಲ. ಗಂಡಿನ ತಾಯಿಗೆ ಅಂದು ಒಪ್ಪತ್ತು ಬೇರೆ. ನಾನು ಕುಳಿತದ್ದೇ ತಡ, ಅವರ ಬೆಕ್ಕು ಓಡಿಬಂದು ನನ್ನ ತೊಡೆ ಏರಿತು.

"ಇವತ್ ಸೋಮಾರ ಅಲ್ದಾ? ಮೀನಿನ್ ವಾಸ್ನಿ ಎಲ್ಲಿಂದ ಬತ್ತಾ ಇತ್ತ್?" ಎಂದರು ಗಂಡಿನ ತಾಯಿ.

"ಆಚಿಮನಿಯರ್ ಮಾಡಿರ್ಕ್," ಎಂದೆ ಗಂಭೀರವಾಗಿ, ನೆರೆಮನೆಯತ್ತ ಕೈತೋರಿ.

ಸಂಬಂಧ ಎಲ್ಲರಿಗೂ ಒಪ್ಪಿಗೆಯಾಯಿತು. ಇನ್ನು ಹೆಣ್ಣಿನ ಅಪ್ಪ ವೀಳ್ಯದೆಲೆಯ ಮೇಲೆ ಒಂದು ನೋಟಿಟ್ಟು ಮಾತು ಗಟ್ಟಿ ಮಾಡಬೇಕು. ಈ ಗಳಿಗೆಗೇ ಅಲ್ಲವೇ ನಾನು ಕಾದದ್ದು! ಎಲ್ಲರಿಗೂ ಕಾಣುವಂತೆ ಪರ್ಸ್ ತೆಗೆದೆ. ನಿಧಾನವಾಗಿ ಬಿಡಿಸಿದೆ. ನೋಟನ್ನು ಹರಿವಾಣದ ಎಲೆಗಳ ಮೇಲಿಟ್ಟೆ. ನೋಟಿನ ಎಣ್ಣೆ ಇಳಿದು ವೀಳ್ಯದೆಲೆ ಮಿಂಚಿತು. ಬೆಕ್ಕು ಹಾರಿತು. ಅಡಿಕೆ ಉರುಳಿತು. ನನ್ನ ಕೈಯಲ್ಲಿದ್ದ ಪರ್ಸು ಬೆಕ್ಕಿನ ಬಾಯಲ್ಲಿ ಅಂಗಳ ಸೇರಿತು!

ಗಂಡಿನ ತಾಯಿ ಸೆರಗು ಮೂಗಿಗೊತ್ತಿ ಎದ್ದರು. "ಎಂತ ಮಾರ್ರೆ ಇದ್? ವೀಳ್ಯದ್ ಮೇಲೂ ಮೀನಾ? ಈ ಮಾತೇ ಬ್ಯಾಡ!"

ಮಗಳ ಮದುವೆ ಕಣ್ಣೆದುರೇ ಜಾರುತ್ತಿತ್ತು. ಆಗ ಸರೋಜಾ ಆ ದರಿದ್ರ ಪ್ಲಾಸ್ಟಿಕ್ ಕವರಿನ ರಬ್ಬರ್ ಬ್ಯಾಂಡ್ ಬಿಚ್ಚಿದಳು.

"ಅಕ್ಕಾ, ಬೇಜಾರ್ ಮಾಡ್ಕಣ್ಬೇಡಿ. ಇವ್ರ್ ಪರ್ಸಿಗೆ ದೋಣಿ ಎಣ್ಣಿ ಹಚ್ಚಿರ್ ಕಾಣಿ. ಮಗ್ಳಿಗೆ ಇವ್ರ್ ಬುದ್ಧಿ ಬರ್ಲಿಲ್ಲ, ನಂದೇ ಬಂದಿತ್ತ್."

ಗಂಡಿನ ತಾಯಿ ಕುಳಿತು ನಕ್ಕರು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಹೊಸ ವೀಳ್ಯದೆಲೆ ಬಂತು, ಸರೋಜಾಳ ನೋಟು ಕುಳಿತಿತು, ಮಾತು ಗಟ್ಟಿಯಾಯಿತು.

ಆದರೂ ಕೇಳುತ್ತೇನೆ, ಮಗಳ ಮದುವೆಗೆ ಅಪ್ಪನ ಬುದ್ಧಿಯನ್ನೇ ಬಲಿ ಕೊಡಬೇಕಿತ್ತೇ? ಸಿಟ್ಟಿನಿಂದ ಅಂಗಳಕ್ಕಿಳಿದೆ. ಬೆಕ್ಕು ಹೆಣಿಗೆಯನ್ನು ಎಳೆ ಎಳೆಯಾಗಿ ಬಿಡಿಸಿ, ಕಣ್ಣು ಮುಚ್ಚಿ ನೆಕ್ಕುತ್ತಿತ್ತು. ಆ ಕೈಕೆಲಸದ ಬೆಲೆ ತಿಳಿದದ್ದು ಅದಕ್ಕೊಂದಕ್ಕೇ!

ವಾಪಸು ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಎಂದಾಗ ನಾನು ಸರೋಜಾಳ ಕವರಿನತ್ತ ನೋಡಿದೆ. ಅವಳು ರಬ್ಬರ್ ಬ್ಯಾಂಡನ್ನು ಎಳೆದು, ಟಪ್ಪನೆ ಬಿಟ್ಟಳು, ಅಷ್ಟೇ.