ಮೆಕ್ಸಿಕೋದ ಭಾವಿ ಗವರ್ನರ್

ಗಡಿಯಾಚೆಯ ಮೆಕ್ಸಿಕೋ ದೇಶದ ಒಂದು ರಾಜ್ಯಕ್ಕೆ ಮುಂದಿನ ಗವರ್ನರ್, ಅಂದರೆ ನಮ್ಮ ಕಡೆಯ ಮುಖ್ಯಮಂತ್ರಿ, ಅಲ್ಲಿನ ಆ ರಾಜಕಾರಣಿಯೇ, ಅದರ ಭವಿಷ್ಯವೂ ಅವರ ಕೈಯಲ್ಲೇ ಇದೆ ಎಂದು ಟೆಕ್ಸಾಸಿನ ಕನ್ನಡಿಗರೆಲ್ಲ ನಂಬಿದ್ದರು. ಗಣ್ಯರು ಕಂಡರೆ ಶಾಲು ಹೊದಿಸದೆ ಬಿಡದ ಜನರಲ್ಲಿ ಇಂಥ ನಂಬಿಕೆಗಳು ಹುಟ್ಟುತ್ತಲೇ ಇರುತ್ತವೆ.

ನನ್ನ ಗೆಳೆಯನಿಗಂತೂ ನಂಬದೆ ಗತಿ ಇರಲಿಲ್ಲ. ಅಮೆರಿಕದ ವೀಸಾ ಮುಗಿಯುತ್ತ ಬಂದಿತ್ತು. ಆ ರಾಜ್ಯದಲ್ಲಿ ಶಾಖೆ ತೆರೆದಿದ್ದ ಅವನ ಕಂಪನಿ, ಅಲ್ಲಿಗೆ ಶಿಫ್ಟ್ ಆಗು, ಇಲ್ಲವೇ ಊರಿಗೆ ಹೊರಡು ಎಂದಿತ್ತು. ಹೆಂಡತಿ ಒಪ್ಪಿರಲಿಲ್ಲ. ಈ ಮನುಷ್ಯನ ಮಾತು ಕೇಳಿದರೆ ಒಪ್ಪಿಯಾಳು ಎಂದು, ಅವರು ಬಂಡವಾಳ ಹುಡುಕಿಕೊಂಡು ಬಂದಲ್ಲೆಲ್ಲ ಅವಳನ್ನು ಕರೆದೊಯ್ದ. ಡ್ರೈವ್ ಮಾಡಿದವನು ನಾನು.

೧. ಡಲ್ಲಾಸ್

ಕ್ಯಾರಲ್ಟನ್‌ನ ಸಭೆಯಲ್ಲಿ ಅವರಿಗೆ ಶಾಲು, ಹಾರ, ಮೈಸೂರು ಪೇಟ. ಕನ್ನಡ ಕೂಟಕ್ಕೆ ಇರುವುದು ಒಂದೇ ಪೇಟ. ಫೋಟೊ ಆದೊಡನೆ ವಾಪಸ್ ಪಡೆಯುವುದು ಪದ್ಧತಿ. ಅದು ಅವರಿಗೆ ಹೇಗೆ ಗೊತ್ತಾಗಬೇಕು? ಪೇಟದ ಸಮೇತ ಕಾರು ಹತ್ತಿದರು.

"ರೀ, ಪೇಟ ಹೋಯ್ತು! ಮುಂದಿನ ವಾರ ಊರಿಂದ ಬರೋ ಸಾಹಿತಿಗಳ ತಲೆಗೆ ಏನಿಡೋದು?" ಎಂದರು ಖಜಾಂಚಿ.

ಯಾರದೋ ಮದುವೆಯ ಪೇಟ ಇಟ್ಟರು. ಅದು ಸಾಹಿತಿಯ ಕಿವಿ ಮುಚ್ಚಿತು. ಅಂದಿನ ಭಾಷಣಗಳು ಕೇಳಿಸದವರು ಅವರೊಬ್ಬರೇ.

೨. ಹ್ಯೂಸ್ಟನ್

ಭಾವಿ ಗವರ್ನರ್ ಅವರ ಪಕ್ಷದ ಬಣ್ಣ ವಿಚಾರಿಸಿ ಶಾಲು ತಂದಿದ್ದೆವು. ಅಷ್ಟರಲ್ಲಿ ಅವರು ಪಕ್ಷ ಬದಲಿಸಿದ್ದರು.

"ಯಾವ ರೆಸಾರ್ಟಿನ್ಯಾಗ ಇದ್ರಂತ ಕೇಳ್ರಿ," ಎಂದರು ಧಾರವಾಡದ ಅಂಕಲ್.

ಗೆಳೆಯ ಅದನ್ನು ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟ. ಅವರು ಪ್ರಾಮಾಣಿಕವಾಗಿ ಕಡಲ ತೀರದ ಒಂದು ರೆಸಾರ್ಟಿನ ಹೆಸರು ಹೇಳಿ, ಊಟ ಚೆನ್ನಾಗಿತ್ತು ಎಂದರು.

"ನಮ್ಮವ್ರ ಬಿಡ್ರಿ!" ಎಂದು ಅಂಕಲ್ ಚಪ್ಪಾಳೆ ತಟ್ಟಿದರು.

೩. ಆಸ್ಟಿನ್

ಇಲ್ಲಿಗೆ ಬರುವಾಗ ಅವರದು ಮೂರನೆಯ ಪಕ್ಷ. ಭಾಷಣ ಮಾತ್ರ ಹಳೆಯದೇ: "ನನ್ನ ರಾಜ್ಯಕ್ಕೆ ಬನ್ನಿ. ನಿಮ್ಮ ಮಕ್ಕಳ ಭವಿಷ್ಯ ಅಲ್ಲಿದೆ."

"ಕೇಳಿಸ್ಕೊಂಡ್ಯಾ? ಮೆಕಿನ್ನಿಯ ನಮ್ಮ ಮನೆ ಮಾರೋಣ," ಎಂದು ಗೆಳೆಯ ಹೆಂಡತಿಯ ಕಿವಿಯಲ್ಲಿ ಹೇಳಿದ.

ಗಂಡಸರು ಸರದಿಯಲ್ಲಿ ತೆರಿಗೆ, ಹೂಡಿಕೆ, ವಿಮಾನ ನಿಲ್ದಾಣ ಎಂದೆಲ್ಲ ಕೇಳಿದರು. ಕೊನೆಗೆ ಅವಳು ಎದ್ದಳು. ಅವಳು ಕೇಳಿದ್ದು, ನಮ್ಮವರ ಯಾವ ಮನೆಗೆ ಹೋದರೂ ಕಾಫಿ ಬರುವ ಮೊದಲೇ ಬರುವ ಪ್ರಶ್ನೆ. ಮೂರು ಊರುಗಳಲ್ಲಿ ಯಾರಿಗೂ ಹೊಳೆದಿರಲಿಲ್ಲ.

"ಸರ್, ನಿಮ್ಮ ಮಕ್ಕಳು ಯಾವ ಸ್ಕೂಲಲ್ಲಿ ಓದ್ತಿದ್ದಾರೆ?"

ಭಾವಿ ಗವರ್ನರ್ ನೀರು ಕುಡಿದರು.

"ಡಲ್ಲಾಸ್ ಪಕ್ಕ, ಕಾಪೆಲ್‌ನಲ್ಲಿ. ಹೋದ ವರ್ಷವೇ ನಾವೆಲ್ಲ ಅಲ್ಲಿಗೆ ಶಿಫ್ಟ್ ಆದೆವು."